ಬೂದಿಯ ದಿಬ್ಬಗಳೂ ಬೆಂಕಿಯ ಕಲ್ಲುಗಳೂ

ಐಸ್‌ಲೆಂಡ್ ಎಂಬ ದ್ವೀಪರಾಷ್ಟ್ರದ ಚಿತ್ರಗಳನ್ನು ಇಂದು ನಮ್ಮ ಮನೆಗಳ ಮಕ್ಕಳೂ ಕಂಡಿದ್ದಾರೆ. ನೆಲ ಬಿರಿದು ಕೆಂಡದ ಹೊಳೆ ಹರಿಯುವುದು, ಆಳದಿಂದ ಕುದಿನೀರು ಚಿಮ್ಮಿ ಮುಗಿಲಿಗೇರುವುದು, ಆ ಬಿಸಿನೀರನ್ನೇ ಕೊಳವೆಗಳಲ್ಲಿ ಹರಿಸಿ ಜನರು ಚಳಿಗಾಲದಲ್ಲಿ ತಮ್ಮ ಮನೆಗಳನ್ನು ಬೆಚ್ಚಗಿಡುವುದು, ಇವೆಲ್ಲ ಅಲ್ಲಿ ನಿತ್ಯದ ಸಂಗತಿಗಳು. ನಮ್ಮ ಬಚ್ಚಲುಮನೆಯ ಗೀಸರಿಗೆ ಆ ಹೆಸರು ಬಂದದ್ದು ಕೂಡ ಆ ದೇಶದ ಗೇಸಿರ್ ಎಂಬ ಒಂದು ಚಿಮ್ಮುಬುಗ್ಗೆಯಿಂದಲೇ. ಆ ಸೊಬಗಿಗೆ ಅಲ್ಲಿನ ಜನರು ಬೆಲೆಯನ್ನೂ ತೆರುತ್ತಾರೆ. 2023ರ ನವೆಂಬರಿನಲ್ಲಿ ಗ್ರಿಂಡವಿಕ್ ಎಂಬ ಮೀನುಗಾರರ ಪಟ್ಟಣವೊಂದನ್ನು ರಾತ್ರೋರಾತ್ರಿ ತೆರವುಗೊಳಿಸಬೇಕಾಯಿತು.

ಇಂಥ ಚಿತ್ರಗಳನ್ನು ನೋಡಿದ ಕಣ್ಣನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಗೆ ಹೊರಳಿಸಿದರೆ ಮೊದಲಿಗೆ ಏನೂ ಕಾಣುವುದಿಲ್ಲ. ಜೋಳ, ಸಜ್ಜೆ, ಶೇಂಗಾದ ಬಯಲು, ಬೋಳುಗುಡ್ಡ, ಜಾಲಿಯ ಮುಳ್ಳು, ಮೇಲೊಂದು ಸುಡುಬಿಸಿಲು. ಬಿಸಿಲೇ ನಮ್ಮ ಜ್ವಾಲಾಮುಖಿ ಎಂದು ನಗೆಯಾಡುವವರೂ ಉಂಟು. ಆದರೆ ಚರಿತ್ರೆಯ ಒಂದು ವಿಚಿತ್ರವನ್ನು ಇಲ್ಲಿ ನೆನೆಯಬೇಕು. ಈ ತಾಲ್ಲೂಕುಗಳನ್ನು ಒಳಗೊಂಡಿದ್ದ ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಜ್ವಾಲಾಮುಖಿಗಳು ಉರಿದಿರಬೇಕೆಂದು ಕೆಲವು ವಿದ್ಯಾವಂತರು ಶಂಕಿಸಿದ್ದರು. ಅವರು ತೋರಿಸಿದ ಸಾಕ್ಷ್ಯ ಸುಳ್ಳಾಯಿತು. ಅವರ ಶಂಕೆ ಮಾತ್ರ ಬೇರೊಂದು ಬಗೆಯಲ್ಲಿ ನಿಜವಾಯಿತು. ಆ ಕಥೆಯೇ ಈ ಲೇಖನದ ವಿಷಯ.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟನು. ಅಂದಿನಿಂದ 1953ರವರೆಗೆ ಅದು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಆ ಜಿಲ್ಲೆಯಲ್ಲಿ ನಮ್ಮ ಭಾಗವನ್ನು ಪಶ್ಚಿಮದ ತಾಲ್ಲೂಕುಗಳೆಂದು ಕರೆಯುತ್ತಿದ್ದರು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಸೇರಿ ಮತ್ತೆ ಹಿಂದಿರುಗಿತು. 2021ರಿಂದ ಈ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯವು. ಕಾಗದದ ಮೇಲಿನ ಎಲ್ಲೆಗಳು ಹೀಗೆ ಸರಿದಾಡುತ್ತಿರುತ್ತವೆ. ಕಲ್ಲಿನ ಎಲ್ಲೆಗಳನ್ನು ಸರಿಸಿದವರಿಲ್ಲ.

ನಮ್ಮವರು ಬಳ್ಳಾರಿಗೆ ಹೋಗಬೇಕಾದರೆ ಬಹುಮಟ್ಟಿಗೆ ಹೊಸಪೇಟೆ, ತೋರಣಗಲ್ಲು ದಾಟಿ ಕುಡತಿನಿಯ ಮೇಲೆ ಹೋಗುತ್ತಾರೆ. ಅಲ್ಲಿ ಎರಡು ಗುಡ್ಡಗಳ ನಡುವಣ ಕಣಿವೆಯ ಬಳಿ ಒಂದು ದೊಡ್ಡ ದಿಬ್ಬವಿದೆ. ಆ ಕಣಿವೆಗೆ ಜನರು ಇಟ್ಟ ಹೆಸರೇ ಬೂದಿಯದು. ದಿಬ್ಬವನ್ನು ಕೆದಕಿದರೆ ಮಣ್ಣು ಬರುವುದಿಲ್ಲ. ನುಣ್ಣನೆಯ ಬಿಳಿಬೂದು ಬೂದಿ ಬರುತ್ತದೆ. ನಡುನಡುವೆ ಕರಗಿ ಹೆಪ್ಪುಗಟ್ಟಿದ, ತೂತುತೂತಾದ, ಗಾಜಿನಂತೆ ಹೊಳೆಯುವ ಹೆಂಟೆಗಳು ಸಿಗುತ್ತವೆ. ಬಳ್ಳಾರಿಯ ಸುತ್ತಮುತ್ತ, ಕಪ್ಪಗಲ್ಲು ಮತ್ತು ಸಂಗನಕಲ್ಲಿನ ಬಳಿ, ಹಂಪೆಯ ನೆರೆಯ ನಿಂಬಾಪುರದಲ್ಲಿ, ಉತ್ತರಕ್ಕೆ ರಾಯಚೂರು, ಸುರಪುರದ ಕಡೆಗೆ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು ಇವೆ ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಬೂದಿಯ ಊರಾದ ಕುಡತಿನಿಯಲ್ಲಿಯೇ ಈಗ ಕಲ್ಲಿದ್ದಲು ಉರಿಸುವ ದೊಡ್ಡ ವಿದ್ಯುತ್ ಸ್ಥಾವರವೂ ನಿಂತು ಹೊಸ ಬೂದಿಯನ್ನು ಸುರಿಯುತ್ತಿರುವುದು ಕಾಕತಾಳೀಯವೇ ಸರಿ.

ಊರಿನ ಜನ ಈ ಬೂದಿಗೆ ಎಂದೋ ಒಂದು ಉತ್ತರವನ್ನು ಕಂಡುಕೊಂಡಿದ್ದರು. ಕುಡತಿನಿಯದು ಭೀಮನ ಕೈಯಲ್ಲಿ ಸತ್ತ ಹಿಡಿಂಬಾಸುರನನ್ನು ಸುಟ್ಟ ಬೂದಿ. ನಿಂಬಾಪುರದ್ದು ವಾಲಿಯ ಚಿತೆ. ಇಷ್ಟು ದೊಡ್ಡ ಬೂದಿರಾಶಿ ಬೀಳಬೇಕಾದರೆ ಸುಟ್ಟ ದೇಹ ಎಷ್ಟು ದೊಡ್ಡದಿರಬೇಕು! ಈ ಪುರಾಣವನ್ನು ನಕ್ಕು ತಳ್ಳಿಹಾಕುವ ಮುನ್ನ ಒಂದು ಮಾತನ್ನು ಒಪ್ಪಬೇಕು. ಇದು ಸುಟ್ಟದ್ದರ ಶೇಷ, ಬಹಳ ಹಳೆಯದು, ಇಂದಿನ ನಮ್ಮ ಬದುಕಿನದಲ್ಲ ಎಂಬ ಮೂರು ಅಂಶಗಳನ್ನೂ ಹಳ್ಳಿಗರು ಸರಿಯಾಗಿಯೇ ಗುರುತಿಸಿದ್ದರು.

ಯುರೋಪಿನಿಂದ ಬಂದ ಅಧಿಕಾರಿಗಳ ಕಣ್ಣಿಗೆ ಇದು ಬೇರೆಯೇ ಆಗಿ ಕಂಡಿತು. ವೆಸೂವಿಯಸ್ ಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೇ ನಗರವನ್ನು ಅಗೆದು ತೆಗೆಯುತ್ತಿದ್ದ ಕಾಲವದು. ವಿದ್ಯಾವಂತನಾದ ಯಾವ ಆಂಗ್ಲ ಅಧಿಕಾರಿಗೂ ಆ ಕಥೆ ಗೊತ್ತಿತ್ತು. ಬೂದಿಯ ಗುಡ್ಡ, ಅದರಲ್ಲಿ ಕರಗಿದ ಕಿಟ್ಟ: ಇದು ಆರಿಹೋದ ಜ್ವಾಲಾಮುಖಿಯಲ್ಲದೆ ಮತ್ತೇನು ಎಂಬ ಊಹೆ ಹುಟ್ಟಿದ್ದು ಸಹಜ. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಥಾಮಸ್ ಜಾನ್ ನ್ಯೂಬೋಲ್ಡ್ ಎಂಬವರು ಈ ದಿಬ್ಬಗಳನ್ನು ತಿರುಗಾಡಿ ನೋಡಿ, ಜನರ ಐತಿಹ್ಯಗಳನ್ನೂ ಬರೆದುಕೊಂಡು, 1843ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪ್ರಬಂಧದ ತಲೆಬರಹದಲ್ಲಿಯೇ ಅವರು ಇವುಗಳನ್ನು ಪ್ರಾಚೀನ ದಿಬ್ಬಗಳೆಂದು ಕರೆದರು. ಜ್ವಾಲಾಮುಖಿಯ ವಾದಕ್ಕೆ ಇದ್ದ ತೊಡಕು ಸ್ಪಷ್ಟವೇ ಆಗಿತ್ತು. ಕುಳಿ ಎಲ್ಲಿ? ಲಾವಾ ಹರಿದ ಜಾಡು ಎಲ್ಲಿ? ಬಯಲಿನ ನಡುವೆ, ಗ್ರಾನೈಟ್ ಗುಡ್ಡಗಳ ಬುಡದಲ್ಲಿ ಹುತ್ತದಂತೆ ಎದ್ದುನಿಂತ ಈ ರಾಶಿಗಳ ಕೆಳಗೆ ಬೆಂಕಿ ಮೇಲೇರಿ ಬರಲು ದಾರಿಯೇ ಇರಲಿಲ್ಲ.

ಜ್ವಾಲಾಮುಖಿಯಲ್ಲವೆಂದ ಮೇಲೆ ಮತ್ತೇನು? ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟ ಎಂದರು ಕೆಲವರು. ಸುಣ್ಣದ, ಇಟ್ಟಿಗೆಯ ಭಟ್ಟಿಗಳೆಂದರು ಇನ್ನು ಕೆಲವರು. ವಿಜಯನಗರ ಸಾಮ್ರಾಜ್ಯದ ಚರಿತ್ರೆಯನ್ನು ಬರೆದು ಪ್ರಸಿದ್ಧರಾದ ರಾಬರ್ಟ್ ಸೆವೆಲ್ ಅವರೂ 1899ರಲ್ಲಿ ಈ ದಿಬ್ಬಗಳ ಮೇಲೆ ಬರೆದರು. ಅವರ ಒಲವು ಮಹಾದಹನಗಳ ಕಡೆಗೆ, ವಿಜಯನಗರ ಕಾಲದ ಸಹಗಮನದಂಥ ಘಟನೆಗಳ ಕಡೆಗೆ. ಹಂಪೆಯನ್ನು ಅಷ್ಟು ಹಚ್ಚಿಕೊಂಡವರಿಗೆ ಸುತ್ತಲಿನ ಎಲ್ಲವೂ ಹಂಪೆಯದೇ ಆಗಿ ಕಾಣುವುದು ಆಶ್ಚರ್ಯವಲ್ಲ.

ಸರಿಯಾದ ಉತ್ತರ ಅದಕ್ಕೂ ಮೊದಲೇ ಸಿಕ್ಕಿತ್ತು. ಅದನ್ನು ಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಹುಟ್ಟಿದ ಈ ಆಂಗ್ಲರು 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ಮದ್ರಾಸಿನಲ್ಲಿ ನೆಲೆಸಿದ್ದ ಪಾದ್ರಿ ಪೀಟರ್ ಪರ್ಸಿವಲ್ ಅವರ ಮಗಳನ್ನು ಮದುವೆಯಾದರು. 1863ರ ಮೇ ತಿಂಗಳಲ್ಲಿ ಮದ್ರಾಸಿನ ಬಳಿ ಪಲ್ಲಾವರಂನಲ್ಲಿ ಶಿಲಾಯುಗದ ಕೊಡಲಿಯೊಂದನ್ನು ಹೆಕ್ಕಿಕೊಂಡು, ಭಾರತದಲ್ಲಿಯೂ ಶಿಲಾಯುಗದ ಮಾನವನಿದ್ದನೆಂದು ತೋರಿಸಿದವರು ಇವರೇ. ಕಲ್ಲಿನ ಪರೀಕ್ಷೆ ಅವರ ಉದ್ಯೋಗ. ಕಲ್ಲಿನೊಡನೆ ಬಾಳಿದ ಮನುಷ್ಯನ ಹುಡುಕಾಟ ಅವರ ಹವ್ಯಾಸ. ವರ್ಷಾನುಗಟ್ಟಲೆ ಬಳ್ಳಾರಿ ಜಿಲ್ಲೆಯನ್ನು ಸುತ್ತಿದರು. ಅವರ 'ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ' ಎಂಬ ಗ್ರಂಥ 1895ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದಿತು. ನಮ್ಮ ಪಶ್ಚಿಮ ತಾಲ್ಲೂಕುಗಳ ಕಲ್ಲುಬಂಡೆಗಳೂ ಅದರ ವ್ಯಾಪ್ತಿಯಲ್ಲಿ ಬರುತ್ತವೆ.

ಬೂದಿದಿಬ್ಬಗಳಲ್ಲಿ ಫೂಟ್ ಅವರು ದನದ ಮೂಳೆಗಳನ್ನು, ಮಡಕೆಯ ಚೂರುಗಳನ್ನು, ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಗಮನಿಸಿದರು. ಇವು ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಗುರುತುಗಳು, ಸುಟ್ಟಿರುವುದು ದನದ ಸಗಣಿ ಎಂಬ ತೀರ್ಮಾನಕ್ಕೆ ಅವರು ಬಂದರು. ಆಫ್ರಿಕದಲ್ಲಿ ಮುಳ್ಳುಬೇಲಿ ಹಾಕಿ ದನ ಕೂಡುವ ದೊಡ್ಡಿಗಳನ್ನು ಹೋಲಿಕೆಗೆ ತೆಗೆದುಕೊಂಡರು. ಆದರೂ ಮುಂದಿನ ಅರವತ್ತು ಎಪ್ಪತ್ತು ವರ್ಷಗಳ ಕಾಲ ಅವರ ಮಾತನ್ನು ಎಲ್ಲರೂ ಒಪ್ಪಿಕೊಳ್ಳಲಿಲ್ಲ. ಸಗಣಿ ಸುಟ್ಟರೆ ಬೂದಿಯಾದೀತು, ಕರಗಿ ಕಲ್ಲಾದೀತೇ ಎಂಬುದೇ ಆಕ್ಷೇಪ. ಕುಳ್ಳು ಉರಿಸಿ ಅಡುಗೆ ಮಾಡಿದ ಯಾವ ತಾಯಿಯ ಒಲೆಯಲ್ಲಿಯೂ ಗಾಜು ಹುಟ್ಟಿದ್ದಿಲ್ಲವಲ್ಲ!

ಇದಕ್ಕೆ ಉತ್ತರ ಹುಲ್ಲಿನಲ್ಲಿದೆ. ಹುಲ್ಲಿನ ಎಸಳಿನಲ್ಲಿ ಸಿಲಿಕ ಎಂಬ ವಸ್ತು ಇರುತ್ತದೆ. ಮರಳಿನಲ್ಲಿಯೂ ಗಾಜಿನಲ್ಲಿಯೂ ಇರುವುದು ಅದೇ. ದನ ಮೇಯ್ದ ಹುಲ್ಲಿನ ಸಿಲಿಕ ಜೀರ್ಣವಾಗದೆ ಸಗಣಿಯಲ್ಲಿ ಉಳಿಯುತ್ತದೆ. ಜೊತೆಗೆ ಸಸ್ಯದ ಬೂದಿಯಲ್ಲಿ ಕ್ಷಾರವೂ ಇರುವುದರಿಂದ ಸಿಲಿಕ ಬೇಗ ಕರಗುತ್ತದೆ. ಆಳೆತ್ತರ ಒಟ್ಟಿದ ಸಗಣಿಯ ರಾಶಿಗೆ ಬೆಂಕಿ ಬಿದ್ದು, ಒಳಗಿನ ಕಾವು ಹೊರಹೋಗದೆ ಬಹುಕಾಲ ಕುದಿದರೆ ಅದು ಹೆಪ್ಪುಗಟ್ಟಿದ ಕಿಟ್ಟವಾಗುವುದರಲ್ಲಿ ಅಚ್ಚರಿಯಿಲ್ಲ. ಲಂಡನ್ನಿನ ಪ್ರಾಕ್ತನ ವಿಜ್ಞಾನಿ ಫ್ರೆಡರಿಕ್ ಝೊಯ್ನರ್ ಅವರು ಬಳ್ಳಾರಿಯ ಮಾದರಿಗಳನ್ನು ಪರೀಕ್ಷಿಸಿ 1960ರಲ್ಲಿ ಇದನ್ನು ಪ್ರಕಟಪಡಿಸಿದರು. ಅದಕ್ಕೆ ಸ್ವಲ್ಪ ಮೊದಲು, 1957ರಲ್ಲಿ, ರೇಮಂಡ್ ಆಲ್ಚಿನ್ ಎಂಬ ಪುರಾತತ್ವಜ್ಞರು ಇಂದಿನ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು ಅಗೆಸಿದ್ದರು. ದಿಬ್ಬದ ಸುತ್ತ ಮರದ ಗೂಟಗಳ ಬೇಲಿ ನೆಟ್ಟಿದ್ದ ಕುಳಿಗಳು ಸಾಲಾಗಿ ಸಿಕ್ಕಿದವು. ಅದಕ್ಕಿಂತ ಮಿಗಿಲಾಗಿ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಸಿಕ್ಕಿದವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಒಂದು ಸಂಜೆ ದೊಡ್ಡಿಯೊಳಗೆ ನಡೆದುಹೋದ ಹಸುಗಳ ಹೆಜ್ಜೆಗಳವು. ವಾದ ಅಲ್ಲಿಗೆ ಮುಗಿಯಿತು.

ರಾಶಿಗಳಿಗೆ ಬೆಂಕಿ ಬಿದ್ದದ್ದು ಆಕಸ್ಮಿಕವಲ್ಲ, ಒಂದಾದ ಮೇಲೊಂದರಂತೆ ಹಲವು ಸಲ ಬೇಕೆಂದೇ ಹಚ್ಚಿದ್ದೆಂಬುದು ಆಲ್ಚಿನ್ ಅವರ ಅಭಿಪ್ರಾಯ. ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವಂಥ ನಮ್ಮ ಹಬ್ಬಗಳಲ್ಲಿ ಆ ಹಳೆಯ ಬೆಂಕಿಯ ನೆನಪು ಉಳಿದಿರಬಹುದೆಂದೂ ಅವರು ಊಹಿಸಿದರು. ಇದು ಊಹೆಯೇ ಹೊರತು ನಿರ್ಣಯವಲ್ಲ. ಆದರೆ ಕೂಡ್ಲಿಗಿ ತಾಲ್ಲೂಕಿನವರಿಗೆ ಈ ಮಾತು ದೂರದ್ದೆನಿಸಲಾರದು. ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆಯ ಕಡೆಯ ಮ್ಯಾಸನಾಯಕ ಜನಾಂಗದವರು ಇಂದಿಗೂ ದೇವರ ಎತ್ತುಗಳ ಹಿಂಡುಗಳನ್ನು ಸಾಕುತ್ತಾರೆ. ಈ ಎತ್ತುಗಳನ್ನು ನೇಗಿಲಿಗೆ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಹಗಲೆಲ್ಲ ಮೇಯಿಸಿ ಇರುಳು ಮುಳ್ಳುಬೇಲಿಯ ರೊಪ್ಪದಲ್ಲಿ ಕೂಡುತ್ತಾರೆ. ಬರಗಾಲ ಬಂದಾಗ ಮೇವಿಲ್ಲದೆ ಈ ಹಿಂಡುಗಳು ಸೊರಗುವ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಫೂಟ್ ಅವರು ಹೋಲಿಕೆಗಾಗಿ ಆಫ್ರಿಕದವರೆಗೆ ಹೋಗಬೇಕಾಗಿರಲಿಲ್ಲ ಎನಿಸುತ್ತದೆ.

ರಾಕ್ಷಸನ ಬೂದಿ, ರಾಣಿಯರ ಚಿತೆ, ಭೂಗರ್ಭದ ಅಗ್ನಿ, ಇಷ್ಟೆಲ್ಲ ಹಿರಿಮೆಯ ಕಾರಣಗಳನ್ನು ಹುಡುಕಿದವರಿಗೆ ಕಡೆಗೆ ಸಿಕ್ಕಿದ್ದು ಸಗಣಿ! ಇದರಿಂದ ದಿಬ್ಬಗಳ ಘನತೆ ಕುಗ್ಗಿತೆಂದು ನನಗೆ ತೋರುವುದಿಲ್ಲ. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಲ್ಲಿ ಈ ಒಣನೆಲದಲ್ಲಿ ದನ ಕಟ್ಟಿ, ಹುರುಳಿ, ಹೆಸರು, ಕೊರಲೆ ಬೆಳೆದು ಬಾಳಿದ ಜನರವರು. ಹೆಸರಿಲ್ಲದವರು, ಶಾಸನ ಬರೆಸದವರು. ಹಂಪೆಗಿಂತ ಮೂರೂವರೆ ನಾಲ್ಕು ಸಾವಿರ ವರ್ಷ ಹಿಂದೆಯೇ ತಮ್ಮ ಗುರುತನ್ನು ನೆಲದ ಮೇಲೆ ಗುಡ್ಡವಾಗಿ ಬಿಟ್ಟುಹೋದರು.

ಇಲ್ಲಿಯವರೆಗೆ ಸುಳ್ಳು ಜ್ವಾಲಾಮುಖಿಯ ಮಾತಾಯಿತು. ನಿಜವಾದ ಬೆಂಕಿಯ ಕಲ್ಲು ಆ ದನಗಾಹಿಗಳ ಕೈಯಲ್ಲಿಯೇ ಇತ್ತು. ಸಂಗನಕಲ್ಲಿನ ಬಳಿಯ ಹಿರೇಗುಡ್ಡದಲ್ಲಿ ಅವರು ಕೊಡಲಿ ತಯಾರಿಸುವ ಒಂದು ದೊಡ್ಡ ಕಾರ್ಯಾಗಾರವನ್ನೇ ನಡೆಸಿದ್ದರು. ಅದಕ್ಕೆ ಬಳಸಿದ್ದು ಡಾಲರೈಟ್ ಎಂಬ ಕರಿಕಲ್ಲು. ಭೂಮಿಯ ಆಳದಲ್ಲಿ ಕುದಿಯುವ ಶಿಲಾರಸವು ಗ್ರಾನೈಟಿನ ಬಿರುಕುಗಳೊಳಗೆ ನುಗ್ಗಿ ಅಲ್ಲಿಯೇ ತಣಿದು ಗಟ್ಟಿಯಾದಾಗ ಈ ಕಲ್ಲು ಹುಟ್ಟುತ್ತದೆ. ನಮ್ಮ ಕಡೆಯ ಬಿಳಿಬಂಡೆಯ ಗುಡ್ಡಗಳನ್ನು ಕಪ್ಪು ಪಟ್ಟಿಯಂತೆ ಸೀಳಿಕೊಂಡು ಹೋಗುವ ಸಾಲುಗಲ್ಲುಗಳನ್ನು ಎಲ್ಲರೂ ಕಂಡಿರುತ್ತಾರೆ. ಕಪ್ಪಗಲ್ಲಿನಲ್ಲಿ ಇದೇ ಕರಿಕಲ್ಲಿನ ಮೇಲೆ ಗೂಳಿಗಳ ಚಿತ್ರಗಳನ್ನು ಕುಟ್ಟಿ ಬಿಡಿಸಿದ್ದಾರೆ. ಅಲ್ಲಿನ ಕೆಲವು ಬಂಡೆಗಳನ್ನು ಸಣ್ಣ ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ.

ಮೇಲಕ್ಕೆ ಉಕ್ಕಿ ಹರಿದ ಲಾವಾ ಕೂಡ ಇಲ್ಲಿ ಉಂಟು, ಅದೂ ನಮ್ಮ ಐದು ತಾಲ್ಲೂಕುಗಳ ಎರಡು ಮಗ್ಗುಲುಗಳಲ್ಲಿ. ಕೂಡ್ಲಿಗಿಯ ಉತ್ತರಕ್ಕೆ ಸಂಡೂರಿನ ಬೆಟ್ಟಗಳಿವೆ. ಪಶ್ಚಿಮದಲ್ಲಿ ಗದಗದ ಕಪ್ಪತಗುಡ್ಡದಿಂದ ಹೊರಟ ಕಲ್ಲಿನ ಪಟ್ಟಿಯೊಂದು ತುಂಗಭದ್ರೆಯನ್ನು ದಾಟಿ, ಹಡಗಲಿ ಹರಪನಹಳ್ಳಿಗಳ ಸೀಮೆಯ ಮೂಲಕ ಚಿತ್ರದುರ್ಗದತ್ತ ಸಾಗುತ್ತದೆ. ಫೂಟ್ ಅವರು ಇದನ್ನು ಡಂಬಳ-ಚಿಕ್ಕನಾಯಕನಹಳ್ಳಿ ಪಟ್ಟಿ ಎಂದು ಕರೆದರು. ಇಂಥ ಶಿಲೆಗಳಿಗೆಲ್ಲ ಧಾರವಾಡ ಶಿಲಾಸಮೂಹವೆಂಬ ಹೆಸರಿಟ್ಟವರೂ ಅವರೇ. ಹಸುರುಗಪ್ಪು ಬಣ್ಣದ ಈ ಕಲ್ಲುಗಳಲ್ಲಿ ದೊಡ್ಡ ಪಾಲು ಸುಮಾರು 260, 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ಎಂಬುದು ಇಂದು ಸ್ಥಿರಪಟ್ಟಿದೆ. ದಖನ್ನಿನ ಕಪ್ಪು ಕಲ್ಲಿನ ಲಾವಾ ಹರಿದದ್ದು ಕೇವಲ 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಮತ್ತು ಅದು ವಿಜಯಪುರ, ಬೆಳಗಾವಿಗಳ ಕಡೆಗೇ ನಿಂತಿತು. ಮಲ್ಪೆಯ ಎದುರಿನ ಸಂತ ಮರಿಯಮ್ಮನವರ ದ್ವೀಪಗಳ ಕಲ್ಲುಕಂಬಗಳಿಗೆ ಸುಮಾರು 9 ಕೋಟಿ ವರ್ಷ. ನಮ್ಮ ನೆಲದ ಲಾವಾದ ಮುಂದೆ ಅವೆರಡೂ ಹಸುಗೂಸುಗಳು.

ಸಮುದ್ರವೇ ಕಾಣದ ಈ ಬಯಲಿನಲ್ಲಿ ಸಮುದ್ರತಳದ ಲಾವಾ ಎಂದು ಹೇಗೆ ತಿಳಿಯಿತು? ನೀರಿನೊಳಗೆ ಉಕ್ಕಿದ ಲಾವಾದ ಮೈ ತಟಕ್ಕನೆ ತಣಿದು ತೊಗಲುಗಟ್ಟುತ್ತದೆ. ಒಳಗಿನ ರಸ ಆ ತೊಗಲನ್ನು ಒಡೆದು ಇನ್ನೊಂದು ಉಂಡೆಯಾಗಿ ಹೊರಬರುತ್ತದೆ. ಹೀಗೆ ಒಂದರ ಮೇಲೊಂದು ದಿಂಬುಗಳನ್ನು ಪೇರಿಸಿದಂತೆ ಕಲ್ಲು ರೂಪುಗೊಳ್ಳುತ್ತದೆ. ಇಂದಿಗೂ ಹವಾಯಿಯ ಕಡಲಂಚಿನಲ್ಲಿ ಮುಳುಗುಗಾರರು ಇದನ್ನು ಕಣ್ಣಾರೆ ಕಂಡು ಚಿತ್ರೀಕರಿಸಿದ್ದಾರೆ. ಅದೇ ದಿಂಬುಗಲ್ಲುಗಳು ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಬಯಲಿನಲ್ಲಿಯೇ ಇವೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಕಲ್ಲಿನ ಆಕಾರವೇ ನೀರಿನ ಸಾಕ್ಷಿ.

ಭೂಶಾಖದ ಮಾತೂ ಇದರೊಡನೆ ಬರುತ್ತದೆ. ಸಂಡೂರು, ದೋಣಿಮಲೆಗಳ ಕಬ್ಬಿಣದ ಅದಿರು ಕೆಂಪು ಕಪ್ಪು ಪಟ್ಟೆಗಳ ಕಲ್ಲಿನಿಂದ ಆದದ್ದು. ಆ ಪುರಾತನ ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಕುದಿಯುವ ನೀರು ಲಾವಾಶಿಲೆಯೊಳಗಿಂದ ಕಬ್ಬಿಣವನ್ನು ಕರಗಿಸಿಕೊಂಡು ಬಂದು ಸಮುದ್ರಕ್ಕೆ ಬೆರೆಸಿತು. ಅದು ಪದರಪದರವಾಗಿ ತಳಕ್ಕಿಳಿದು ಕಲ್ಲಾಯಿತು ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಅಂದರೆ, ಹೊಸಪೇಟೆಯ ರಸ್ತೆಗಳಲ್ಲಿ ಕೆಂಧೂಳೆಬ್ಬಿಸಿಕೊಂಡು ಸಾಲುಸಾಲಾಗಿ ಓಡಿದ ಲಾರಿಗಳು ಹೊತ್ತೊಯ್ದದ್ದು ಆ ಬುಗ್ಗೆಗಳ ಕೊಡುಗೆಯನ್ನೇ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ಮಟ್ಟಕ್ಕೆ ಆ ಸಾಗಾಟ ಬೆಳೆದಿತ್ತು. ಬಿಸಿಯಾದ ನೀರನ್ನೇ ಮುಟ್ಟಿನೋಡಬೇಕೆಂಬವರಿಗೆ ಕರ್ನಾಟಕದಲ್ಲಿ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರುತೀರ್ಥವಿದೆ. ಅದು ಉಗುರುಬೆಚ್ಚನೆಯದು, ಜ್ವಾಲಾಮುಖಿಯ ಸಂಬಂಧ ಅದಕ್ಕಿಲ್ಲ.

ನಮ್ಮ ಶಿಲ್ಪಿಗಳಿಗೂ ಈ ಕಲ್ಲಿನ ಗುಣ ತಿಳಿದಿತ್ತು. ಬಾಗಳಿ, ನೀಲಗುಂದ, ಮಾಗಳ, ಹಿರೇಹಡಗಲಿ, ಕುರುವತ್ತಿಗಳ ಚಾಲುಕ್ಯಶೈಲಿಯ ದೇಗುಲಗಳು ಹಸುರುಗಪ್ಪಿನ ಮೃದುಶಿಲೆಯಲ್ಲಿ ಕಡೆದವು. ಅಲೆಕ್ಸಾಂಡರ್ ರೇ ಅವರು 1896ರಲ್ಲಿ ಇವುಗಳ ನಕಾಶೆಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಈ ಜಾತಿಯ ಶಿಲೆ ಹಲವೆಡೆ ಹಳೆಯ ಲಾವಾವೇ ಭೂಮಿಯ ಒತ್ತಡಕ್ಕೂ ಕಾವಿಗೂ ಸಿಕ್ಕಿ ಮಾರ್ಪಟ್ಟದ್ದಾಗಿರುತ್ತದೆ. ಗ್ರಾನೈಟಿನಲ್ಲಿ ಆಗದ ನವಿರು ಕೆತ್ತನೆ ಇದರಲ್ಲಿ ಆಗುತ್ತದೆ.

ಇನ್ನು ಬೂದಿದಿಬ್ಬಗಳ ಇಂದಿನ ಸ್ಥಿತಿ. ಬೂದಿ ಒಳ್ಳೆಯ ಗೊಬ್ಬರವೆಂದು ರೈತರು ತಲೆಮಾರುಗಳಿಂದ ಬಂಡಿಗಟ್ಟಲೆ ಹೇರಿಕೊಂಡು ಹೋಗಿದ್ದಾರೆ. ಅವರನ್ನು ದೂರಿ ಫಲವಿಲ್ಲ. ಅದು ಯಾರ ಬೂದಿಯೆಂದು ಅವರಿಗೆ ಹೇಳಿದವರಿರಲಿಲ್ಲ. ರಸ್ತೆಗಾಗಿ ಕಡಿದವೂ ಉಂಟು. ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡಗಳ ಒಂದು ಭಾಗವನ್ನು ಕಲ್ಲುಗಣಿಗಾರಿಕೆ ಕಬಳಿಸಿತು. ಧಾರವಾಡದ ರವಿ ಕೋರಿಶೆಟ್ಟರ್ ಮೊದಲಾದ ವಿದ್ವಾಂಸರು ಅಲ್ಲಿ ಉತ್ಖನನ ನಡೆಸುತ್ತಲೇ ಉಳಿದದ್ದನ್ನು ಕಾಯಬೇಕೆಂದು ದನಿಯೆತ್ತಿದರು. ಬಳ್ಳಾರಿಯಲ್ಲಿ ಈಗ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನಲ್ಲಿಯೇ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯವಿದೆ. ಫೂಟ್ ಅವರು ಕೊನೆಯ ವರ್ಷಗಳನ್ನು ಏರ್ಕಾಡಿನಲ್ಲಿ ಕಳೆದು 1912ರಲ್ಲಿ ತೀರಿಕೊಂಡರು. ಅವರು ಜೀವಮಾನವಿಡೀ ಕೂಡಿಸಿದ ಪ್ರಾಚೀನ ವಸ್ತುಗಳು ಮದ್ರಾಸಿನ ಸಂಗ್ರಹಾಲಯವನ್ನು ಸೇರಿದವು. ನಮ್ಮ ಸೀಮೆಯ ಕೊಡಲಿಗಳೂ ಅವುಗಳೊಡನೆ ಅಲ್ಲಿಯೇ ಇವೆ.

ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವ ಕುಟುಂಬಗಳು ಒಂದು ದಿನ ಉತ್ತರಕ್ಕೆ, ಕುಡತಿನಿಯ ದಿಬ್ಬವನ್ನು ನೋಡಿಕೊಂಡು ಬಳ್ಳಾರಿಯ ಸಂಗ್ರಹಾಲಯಕ್ಕೆ ಹೋಗಿಬರಬಹುದು. ಇನ್ನೊಂದು ದಿನ ಕೂಡ್ಲಿಗಿಯಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ, ಚಿತ್ರದುರ್ಗ ದಾಟಿ ಮರಡಿಹಳ್ಳಿಗೆ. ಅಲ್ಲಿಗೆ ಬೆಳಗಿನ ಹೊತ್ತು ಅಥವಾ ಇಳಿಹೊತ್ತಿನಲ್ಲಿ ಹೋಗುವುದು ಮೇಲು. ಓರೆಬಿಸಿಲಿನಲ್ಲಿ ದಿಂಬುಗಳ ಅಂಚು ಎದ್ದು ಕಾಣುತ್ತದೆ; ನಡುಹಗಲಿನಲ್ಲಿ ಎಲ್ಲವೂ ಬರಿಯ ಕರಿಬಂಡೆ.